ಆನೆ ಇನ್ನೂ ತೋಟದಲ್ಲೇ ಇದೆ: ಆನ್‌ಲೈನ್ ಆಘಾತ ಚಿಕಿತ್ಸೆಯ ಒಂದು ಪ್ರಕರಣ

ಕಾಡಾನೆಯ ದಾಳಿಯಲ್ಲಿ ಜೊತೆಗಿದ್ದವರೊಬ್ಬರನ್ನು ಕಳೆದುಕೊಂಡು ತಾವು ಬದುಕುಳಿದ, 41 ವರ್ಷದ ಸಣ್ಣ ಕಾಫಿ ಬೆಳೆಗಾರರೊಬ್ಬರಿಗೆ ಬೆಂಗಳೂರಿನಲ್ಲಿ ಕುಳಿತು ವಿಡಿಯೊ ಕರೆಯ ಮೂಲಕ ನಾನು ನೀಡಿದ ಮನೋಚಿಕಿತ್ಸೆಯ ವಿವರ ಇದು. ಐದು ತಿಂಗಳಲ್ಲಿ ನಾವು ಒಮ್ಮೆಯೂ ಮುಖಾಮುಖಿ ಭೇಟಿಯಾಗಲಿಲ್ಲ. ಇದನ್ನು ಬರೆಯಲು ಅವರ ಲಿಖಿತ ಒಪ್ಪಿಗೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಅದಕ್ಕಿಂತ ಮಿಗಿಲಾಗಿ, ಸಣ್ಣ ಊರಿನಲ್ಲಿ ಒಂದು ಸುಳಿವು ಸಿಕ್ಕರೂ ವ್ಯಕ್ತಿ ಯಾರೆಂದು ತಿಳಿದುಬಿಡುತ್ತದೆ. ಆದ್ದರಿಂದ ಊರು, ವರ್ಷ, ಕುಟುಂಬದ ವಿವರ ಹಾಗೂ ಘಟನೆಯ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಹಾಸನ ಜಿಲ್ಲೆಯ ಮಲೆನಾಡು ಸೀಮೆ ಎಂಬುದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಆ ನೆಲವನ್ನು ತೆಗೆದುಬಿಟ್ಟರೆ ಈ ಪ್ರಕರಣದಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಅಂದಾಜಿಸಲಾಯಿತು. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಓಡಾಡುವ ಹಿಂಡುಗಳು ಕಾಡಿನಿಂದ ಆಗೀಗ ಹೊರಬಂದು ಹಿಂದಿರುಗುವಂಥವಲ್ಲ. ಅವು ಬಹುತೇಕ ಕಾಫಿ ತೋಟಗಳಲ್ಲೇ ಬದುಕುತ್ತವೆ. ನೆರಳಿದೆ, ನೀರಿದೆ, ಹಲಸು, ಬಾಳೆ, ಬೈನೆ ಇವೆ. ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಲಾಗಿದೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ, ಹಿಂಡು ಯಾವ ತೋಟದಲ್ಲಿದೆ ಎಂದು ತಿಳಿಸುವ ವಾಟ್ಸ್‌ಆ್ಯಪ್ ಗುಂಪುಗಳಿವೆ. ಆಘಾತಕ್ಕೆ ಚಿಕಿತ್ಸೆ ಕೊಡುವವರು ಸಾಮಾನ್ಯವಾಗಿ ಹೇಳುವ ಮೊದಲ ಮಾತು, ‘ಅದು ಮುಗಿದುಹೋಯಿತು, ಈಗ ನೀವು ಸುರಕ್ಷಿತವಾಗಿದ್ದೀರಿ’ ಎಂಬುದು. ಈ ವ್ಯಕ್ತಿಗೆ ನಾನು ಆ ಮಾತನ್ನು ಹೇಳುವಂತಿರಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು, ಸುಳ್ಳೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಡೆದದ್ದು

ಜನವರಿ, ರೊಬಸ್ಟಾ ಕೊಯ್ಲಿನ ಆರಂಭ. ಆಳುಗಳು ಬರುವುದರೊಳಗೆ ಆ ದಿನ ಕೊಯ್ಯಬೇಕಾದ ಸಾಲುಗಳನ್ನು ನೋಡಿಕೊಂಡು ಬರಲೆಂದು ಬೆಳಗ್ಗೆ ಆರೂಕಾಲಿಗೆ ಇವರೂ, 28 ವರ್ಷಗಳಿಂದ ಅದೇ ತೋಟದಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಕಾರ್ಮಿಕರೊಬ್ಬರೂ ಕೆಳಗಿನ ತಾಕಿಗೆ ನಡೆದು ಹೊರಟಿದ್ದರು. ಮಂಜು ದಟ್ಟವಾಗಿತ್ತು. ಹಿಂದಿನ ರಾತ್ರಿ ಗುಂಪಿನಲ್ಲಿ ಬಂದಿದ್ದ ಸಂದೇಶದ ಪ್ರಕಾರ ಹಿಂಡು ಹೊಳೆಯ ಆಚೆ ದಡದಲ್ಲಿತ್ತು. ಬೈನೆ ಮರ ಸೀಳುವ ಸದ್ದು ಕೇಳಿದಾಗ ಯಾರೋ ಸೌದೆ ಕಡಿಯುತ್ತಿದ್ದಾರೆ ಎಂದುಕೊಂಡರಂತೆ. ತಿರುವಿನಲ್ಲಿ ಒಂಟಿ ಸಲಗ ಎದುರಾಯಿತು. ಇವರು ಏರಿನ ಕಡೆಗೆ ಓಡಿ ಕಾಫಿ ಸಾಲಿನ ನಡುವೆ ಮಳೆನೀರು ಇಂಗಲೆಂದು ತೋಡಿದ ತೊಟ್ಟಿಲು ಗುಂಡಿಯೊಳಗೆ ಬಿದ್ದರು. ಹಿಂದಿದ್ದವರಿಗೆ ಓಡಲಾಗಲಿಲ್ಲ. ಜನ ಸೇರಿ ಪಟಾಕಿ ಹಚ್ಚಿಕೊಂಡು ಬರುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಇವರು ಗುಂಡಿಯಲ್ಲೇ ಮಲಗಿದ್ದರು. ಕಂಡದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಮುಂದೆ ಕಾಡಿದ ನೆನಪುಗಳಲ್ಲಿಯೂ ಸದ್ದುಗಳೇ ಹೆಚ್ಚಾಗಿದ್ದವು.

ಆರನೆಯ ದಿನ ಅವರ ಹೆಂಡತಿ ನನಗೆ ಕರೆ ಮಾಡಿದರು. ‘ನಿದ್ದೇನೇ ಇಲ್ಲ ಮೇಡಂ. ಕಿಟಕಿ ಹತ್ರ ಹೋಗ್ತಾರೆ, ಬರ್ತಾರೆ, ಮತ್ತೆ ಹೋಗ್ತಾರೆ. ಮಾತಾಡ್ಸಿದ್ರೆ ಎಲ್ಲೋ ಇದ್ದು ಬಂದವರ ಹಾಗೆ ನೋಡ್ತಾರೆ’ ಎಂದರು. ಅವರ ಊರಿನಿಂದ ಹಾಸನಕ್ಕೆ ಹೋಗಿ ಮನೋವೈದ್ಯರನ್ನು ಕಂಡು ಬರಲು ಒಂದು ಇಡೀ ದಿನ ಬೇಕು. ದಾರಿಯ ಎರಡೂ ಬದಿ ತೋಟವೇ ಇರುವುದರಿಂದ ಆ ಪ್ರಯಾಣವೇ ಅವರಿಗೆ ಆಗದ ಮಾತಾಗಿತ್ತು. ಆನ್‌ಲೈನ್ ಆಯ್ಕೆ ಬಂದದ್ದು ಅನುಕೂಲಕ್ಕಾಗಿ ಅಲ್ಲ, ಬೇರೆ ದಾರಿ ಇಲ್ಲದ್ದರಿಂದ.

ಮೊದಲ ನಾಲ್ಕು ವಾರ

ಘಟನೆ ನಡೆದು ಮೂರು ದಿನಗಳಿಂದ ಒಂದು ತಿಂಗಳವರೆಗಿನ ತೀವ್ರ ಲಕ್ಷಣಗಳನ್ನು ತೀವ್ರ ಒತ್ತಡದ ಸಮಸ್ಯೆ ಎಂದು ಗುರುತಿಸಲಾಗುತ್ತದೆ. ಆಘಾತೋತ್ತರ ಒತ್ತಡದ ಸಮಸ್ಯೆ ಎಂಬ ನಿರ್ಣಯಕ್ಕೆ ತಿಂಗಳು ಕಳೆದಿರಬೇಕು. ಇಷ್ಟು ಕಾಯುವುದರ ಹಿಂದೆ ಅರ್ಥವಿದೆ: ಬಹಳ ಜನರಲ್ಲಿ ಮೊದಲ ವಾರಗಳ ನಡುಕ ತಾನಾಗಿಯೇ ಇಳಿಯುತ್ತದೆ. ಆಘಾತವಾದ ಕೂಡಲೇ ವ್ಯಕ್ತಿಯನ್ನು ಕೂರಿಸಿ ನಡೆದದ್ದನ್ನೆಲ್ಲ ಒಂದೇ ಬಾರಿಗೆ ಹೇಳಿಸಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲೂ ಒಂದು ಕಾಲಕ್ಕೆ ಬಲವಾಗಿತ್ತು. 1997ರಲ್ಲಿ ಜೊನಾಥನ್ ಬಿಸನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಸುಟ್ಟ ಗಾಯದ ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಾಗೆ ಹೇಳಿಸಲಾದವರ ಪೈಕಿ ಶೇ 26ರಷ್ಟು ಮಂದಿಗೆ 13 ತಿಂಗಳ ನಂತರ ಆಘಾತೋತ್ತರ ಸಮಸ್ಯೆ ಇತ್ತು. ಹೇಳಿಸದೆ ಬಿಟ್ಟವರಲ್ಲಿ ಅದು ಶೇ 9 ಮಾತ್ರ. ಆ ಬಳಿಕ ಈ ಪದ್ಧತಿಯನ್ನು ಬಳಸಬಾರದೆಂಬ ಸಲಹೆಯೇ ಪ್ರಮುಖ ಮಾರ್ಗಸೂಚಿಗಳಲ್ಲಿ ಬಂತು.

ಈ ಅಧ್ಯಯನ ನನಗೆ ನೆನಪಾದದ್ದು ಅವರ ಜಗಲಿಯ ಕಾರಣಕ್ಕೆ. ದಿನವೂ ಹತ್ತಾರು ಜನ ಬರುತ್ತಿದ್ದರು: ನೆಂಟರು, ಅಕ್ಕಪಕ್ಕದ ತೋಟದವರು, ಕ್ಯಾಮೆರಾ ಹಿಡಿದವರು. ಎಲ್ಲರದೂ ಒಂದೇ ಪ್ರಶ್ನೆ, ‘ಹೆಂಗಾಯ್ತು?’ ಕಾಳಜಿಯಿಂದಲೇ ಕೇಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಇವರು ಪ್ರತಿ ಬಾರಿಯೂ ಮೊದಲಿನಿಂದ ಕೊನೆಯವರೆಗೆ ಹೇಳಿ, ಹೇಳಿದ ಮೇಲೆ ನಡುಗುತ್ತ ಒಳಗೆ ಹೋಗುತ್ತಿದ್ದರು. ಹಾಗಾಗಿ ನನ್ನ ಮೊದಲ ಚಿಕಿತ್ಸಾ ಕ್ರಮವೆಂದರೆ ಅವರ ಭಾವಮೈದುನನನ್ನು ಜಗಲಿಯಲ್ಲಿ ಕೂರಿಸಿದ್ದು. ಬಂದವರಿಗೆ ಅವರೇ ಎರಡು ಮಾತಿನಲ್ಲಿ ವಿಷಯ ಹೇಳಿ, ಕಾಫಿ ಕೊಟ್ಟು ಕಳುಹಿಸುವುದು. ಇವರನ್ನು ಕಾಣಲೇಬೇಕೆಂದವರು ಬೇರೆ ಮಾತಾಡುವುದು. ನಾಲ್ಕು ದಿನಗಳಲ್ಲಿ ಅವರಿಗೆ ಸತತವಾಗಿ ಮೂರು ತಾಸು ನಿದ್ದೆ ಬಂತು. ಈ ಒಂದು ಸಂಗತಿಗೆ ನಾನು ಇಂದಿಗೂ ಬಹಳ ತೂಕ ಕೊಡುತ್ತೇನೆ.

ನಿದ್ದೆಗೆಂದು ಸ್ಥಳೀಯ ವೈದ್ಯರೊಬ್ಬರು ಬೆಂಜೊಡಯಾಜೆಪೀನ್ ಎಂಬ ವರ್ಗದ ಮಾತ್ರೆ ಬರೆದುಕೊಟ್ಟಿದ್ದರು. ಘಟನೆಯ ಮೊದಲ ತಿಂಗಳಲ್ಲಿ ಆ ವರ್ಗದ ಮಾತ್ರೆಗಳನ್ನು ಆಘಾತದ ಲಕ್ಷಣಗಳಿಗೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ನಾನು ಮನಶ್ಶಾಸ್ತ್ರಜ್ಞೆ, ಔಷಧ ಬದಲಿಸುವ ಅಧಿಕಾರ ನನಗಿಲ್ಲ. ಮನೋವೈದ್ಯರೊಬ್ಬರ ಜೊತೆ ಅವರಿಗೆ ವಿಡಿಯೊ ಸಮಾಲೋಚನೆ ಏರ್ಪಡಿಸಿದೆ, ಅವರು ಹಂತ ಹಂತವಾಗಿ ಮಾತ್ರೆ ನಿಲ್ಲಿಸಿದರು. ಇಂಥ ಸಮಾಲೋಚನೆಗೆ ನಮ್ಮ ದೇಶದಲ್ಲಿ ಸ್ಪಷ್ಟ ಚೌಕಟ್ಟು ಸಿಕ್ಕಿದ್ದು 2020ರ ಮಾರ್ಚ್ 25ರಂದು, ಕೋವಿಡ್ ಲಾಕ್‌ಡೌನ್ ಆರಂಭವಾದ ದಿನವೇ ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯಿಂದ. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ದೂರ ಮನೋಚಿಕಿತ್ಸೆಗೂ ಮಾರ್ಗಸೂಚಿ ತಂದಿತು.

ಎರಡನೆಯ ಭೇಟಿಯಲ್ಲಿ ಅವರು, ‘ನಾನು ಬದುಕಿದ್ದೇ ತಪ್ಪು ಅನ್ಸುತ್ತೆ’ ಎಂದರು. ಇಂಥ ಮಾತು ಬಂದಾಗ ಎದುರಿಗೆ ಕುಳಿತ ಚಿಕಿತ್ಸಕರಿಗೆ ಇರುವ ಅನುಕೂಲ 220 ಕಿಲೋಮೀಟರ್ ದೂರದಲ್ಲಿರುವವರಿಗೆ ಇಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಯೋಚನೆ ಬಂದು ಹೋಗುತ್ತಿತ್ತು, ಯೋಜನೆ ಇರಲಿಲ್ಲ. ಆದರೆ ಮನೆಯಲ್ಲಿ ಪರವಾನಗಿ ಬಂದೂಕಿತ್ತು, ಔಷಧಿ ಹೊಡೆಯುವ ಕೋಣೆಯಲ್ಲಿ ಕೀಟನಾಶಕ ಇತ್ತು. ಬಂದೂಕನ್ನು ಮನೆಯಿಂದ ಆಚೆ ಇಡುವ ವಿಷಯ ಹೇಗೆ ಎತ್ತಲಿ ಎಂದು ನಾನು ತಡವರಿಸುತ್ತಿದ್ದಾಗ ಅವರೇ ದಾರಿ ತೋರಿಸಿದರು: ‘ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸ್ತೀವಲ್ಲ ಮೇಡಂ, ಹಂಗೇ ಕೊಟ್ಟಿರ್ತೀನಿ.’ ಬೆಳೆಗಾರರಿಗೆ ಅದು ರೂಢಿಯ ಕೆಲಸ, ಊರವರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಕೀಟನಾಶಕದ ಕೋಣೆಯ ಬೀಗದ ಕೈ ಹೆಂಡತಿಯ ಬಳಿ ಉಳಿಯಿತು. ಪ್ರತಿ ಭೇಟಿಯ ಆರಂಭದಲ್ಲಿ ಅವರು ಎಲ್ಲಿ ಕುಳಿತಿದ್ದಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವುದು, ಸಂಪರ್ಕ ತಪ್ಪಿದರೆ ಒಂದು ನಿಮಿಷದೊಳಗೆ ನಾನು ಫೋನ್ ಮಾಡುವುದು, ಅದೂ ಸಿಗದಿದ್ದರೆ ಹೆಂಡತಿಯ ನಂಬರಿಗೆ ಕರೆ ಮಾಡುವುದು ಎಂದು ಗೊತ್ತುಮಾಡಿಕೊಂಡೆವು. ರಾತ್ರಿ ಹೊತ್ತಿನ ಗಾಬರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಹೇಳಿದೆ.

ಆಘಾತದ ನೆನಪಿನ ಮೇಲೆ ನೇರವಾಗಿ ಕೆಲಸ ಮಾಡುವ ಚಿಕಿತ್ಸೆಯನ್ನು ಮೊದಲ ತಿಂಗಳಲ್ಲೇ ಆರಂಭಿಸುವವರೂ ಇದ್ದಾರೆ, ಅದಕ್ಕೂ ಆಧಾರವಿದೆ. ಆದರೆ ತೀರಿಕೊಂಡವರ ಕರ್ಮಾಂತರ ಇನ್ನೂ ಮುಗಿದಿರಲಿಲ್ಲ, ಕೊಯ್ಲು ಅರ್ಧಕ್ಕೆ ನಿಂತಿತ್ತು, ಬದುಕುವ ಆಸೆಯೇ ಅಲುಗಾಡುತ್ತಿತ್ತು. ನಾನು ಕಾಯುವುದನ್ನು ಆರಿಸಿಕೊಂಡೆ.

ಜೀಪಿನೊಳಗಿನ ಕೋಣೆ

ಐದನೆಯ ವಾರದಲ್ಲಿ, ಆಘಾತೋತ್ತರ ಲಕ್ಷಣಗಳ ತೀವ್ರತೆ ಅಳೆಯುವ, 20 ಪ್ರಶ್ನೆಗಳ, 80 ಅಂಕಗಳ ಪಿಸಿಎಲ್-5 ಪ್ರಶ್ನಾವಳಿಯಲ್ಲಿ ಅವರ ಅಂಕ 52 ಇತ್ತು. 31ರಿಂದ 33 ದಾಟಿದರೆ ವಿವರವಾದ ಪರೀಕ್ಷೆ ಬೇಕೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಪ್ರಶ್ನೆಗಳನ್ನು ಕನ್ನಡದಲ್ಲಿ ಓದುತ್ತ ಹೋದಾಗ, ಘಟನೆ ಮತ್ತೆ ನಡೆಯುತ್ತಿದೆ ಎನ್ನಿಸುವುದೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ನಾನು ಹಲವು ಕಡೆ ಪಾಠ ಹೇಳುವಾಗ ಬಳಸಿದ್ದೇನೆ: ‘ನೆನಪಾಗೋದಲ್ಲ ಮೇಡಂ. ಆಗೋದು.’ ಈ ಸಮಸ್ಯೆಯ ಬಗ್ಗೆ ಮನಶ್ಶಾಸ್ತ್ರಜ್ಞರಾದ ಆಂಕೆ ಎಹ್ಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ 2000ನೇ ಇಸವಿಯಲ್ಲಿ ಮಂಡಿಸಿದ ಸಿದ್ಧಾಂತದ ಸಾರವೂ ಹೆಚ್ಚುಕಡಿಮೆ ಇದೇ. ಆಘಾತದ ನೆನಪು ಹೊತ್ತುಗೊತ್ತಿನ ಗುರುತಿಲ್ಲದೆ ಚೂರು ಚೂರಾಗಿ ಉಳಿದುಬಿಡುತ್ತದೆ. ಅಂದಿನ ಸದ್ದು, ಬೆಳಕು, ವಾಸನೆಯನ್ನು ಹೋಲುವ ಏನಾದರೊಂದು ಎದುರಾದರೆ ಸಾಕು, ಅಪಾಯ ಈಗಲೇ ಇದೆ ಎಂಬ ಭಾವ ಇಡಿಯಾಗಿ ಎದ್ದು ನಿಲ್ಲುತ್ತದೆ. ಎಹ್ಲರ್ಸ್ ಮತ್ತು ಕ್ಲಾರ್ಕ್ ಅವರ ಚಿಕಿತ್ಸಾ ಕ್ರಮವನ್ನು ಅಂತರ್ಜಾಲಕ್ಕೆ ಅಳವಡಿಸಿ, 217 ಮಂದಿಯ ಮೇಲೆ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ, ಅದು ಭರವಸೆ ಕೊಡುವಂಥದ್ದು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಮತ್ತೊಂದು ಪ್ರಯೋಗದಲ್ಲಿ, ಚಿಕಿತ್ಸಕರ ಮಾರ್ಗದರ್ಶನದೊಂದಿಗೆ ಅಂತರ್ಜಾಲದಲ್ಲಿ ಪಡೆದ ಚಿಕಿತ್ಸೆಯು ಎದುರುಬದುರು ಕುಳಿತು ಪಡೆದ ಚಿಕಿತ್ಸೆಗಿಂತ ಕಡಿಮೆಯದೇನಲ್ಲ ಎಂದು 196 ಮಂದಿಯ ಅಧ್ಯಯನ ತೋರಿಸಿತು. ಆದರೆ ಆ ಪ್ರಯೋಗಗಳಲ್ಲಿದ್ದವರ ಮನೆಯ ಹಿತ್ತಿಲಲ್ಲಿ ಆನೆ ಓಡಾಡುತ್ತಿರಲಿಲ್ಲ.

ಮನೆಯಲ್ಲಿ ಒಂಟಿಯಾಗಿ ಮಾತಾಡುವ ಜಾಗ ಇರಲಿಲ್ಲ. ವೈಫೈ ಇದ್ದದ್ದು ನಡುಮನೆಯಲ್ಲಿ, ಅಲ್ಲಿ ಅವರ ತಾಯಿ ದಿನವಿಡೀ ಇರುತ್ತಿದ್ದರು. ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಗೇಟಿನ ಹತ್ತಿರ ಮಾತ್ರ, ಅಲ್ಲಿ ನಿಲ್ಲಲು ಅವರಿಗೆ ಧೈರ್ಯವಿರಲಿಲ್ಲ. ಕೊನೆಗೆ ಜೀಪನ್ನು ನಡುಮನೆಯ ಕಿಟಕಿಗೆ ತಾಗುವ ಹಾಗೆ ನಿಲ್ಲಿಸಿ, ಗಾಜು ಏರಿಸಿ, ಇಯರ್‌ಫೋನ್ ಹಾಕಿಕೊಂಡು ಕೂರುವುದು ಎಂದಾಯಿತು. ಒಳಗಿನ ವೈಫೈ ಅಲ್ಲಿಗೆ ಬರುತ್ತಿತ್ತು. ಐದು ತಿಂಗಳ ಚಿಕಿತ್ಸೆಯ ಬಹುಪಾಲು ಆ ಜೀಪಿನೊಳಗೇ ನಡೆಯಿತು. ಲೋಹದ ಗೋಡೆ, ತಿರುಗಿಸಿದರೆ ಹೊರಡುವ ಎಂಜಿನ್. ಅವರಿಗೆ ಮನೆಯ ಯಾವ ಕೋಣೆಗಿಂತಲೂ ಅದೇ ಹೆಚ್ಚು ಸುರಕ್ಷಿತ ಎನ್ನಿಸುತ್ತಿತ್ತು.

ಇಲ್ಲಿಯೇ ನನ್ನ ತಪ್ಪೊಂದನ್ನು ದಾಖಲಿಸಬೇಕು. ಮೂರನೆಯ ಪೂರ್ಣ ಭೇಟಿಯಲ್ಲಿ, ಕಣ್ಣು ಮುಚ್ಚಿ ಆ ಬೆಳಗನ್ನು ವರ್ತಮಾನದಲ್ಲಿ ಹೇಳುತ್ತ ಹೋಗುವ ಅಭ್ಯಾಸವನ್ನು ಶುರುಮಾಡಿದೆವು. ಅವರು ಗುಂಡಿಯಲ್ಲಿ ಮಲಗಿದ ಹಂತಕ್ಕೆ ಬಂದಾಗ ಕರೆಂಟ್ ಹೋಗಿ, ವೈಫೈ ನಿಂತು, ಪರದೆ ಕಪ್ಪಾಯಿತು. ಅವರ ಫೋನೂ ಸಿಗಲಿಲ್ಲ, ಹೆಂಡತಿಯ ಫೋನೂ ಸಿಗಲಿಲ್ಲ. ಒಂಬತ್ತು ನಿಮಿಷದ ನಂತರ ಅವರೇ ಗೇಟಿನವರೆಗೆ ನಡೆದು ಬಂದು ಕರೆ ಮಾಡಿದರು. ಆ ಒಂಬತ್ತು ನಿಮಿಷ ಅವರು ಮತ್ತೆ ಗುಂಡಿಯಲ್ಲಿದ್ದರು, ಈ ಬಾರಿ ಅವರನ್ನು ಅಲ್ಲಿಗೆ ಕರೆದೊಯ್ದು ಬಿಟ್ಟುಬಂದವಳು ನಾನು. ಬೆಳಗಿನಿಂದ ಕರೆಂಟ್ ಹೋಗಿ ಬಂದು ಮಾಡುತ್ತಿದೆ ಎಂದು ಅವರು ಆರಂಭದಲ್ಲೇ ಹೇಳಿದ್ದರು. ಅಂಥ ದಿನ ಈ ಅಭ್ಯಾಸಕ್ಕೆ ಕೈ ಹಾಕಲೇಬಾರದಿತ್ತು. ಮುಂದಿನ ವಾರ ಅಂಕ 52ರಿಂದ 57ಕ್ಕೆ ಏರಿತು. ನಾನು ಕ್ಷಮೆ ಕೇಳಿದೆ, ಅವರು, ‘ಇರ್ಲಿ ಬಿಡಿ ಮೇಡಂ, ಕರೆಂಟಿಗೆ ನೀವೇನ್ ಮಾಡ್ತೀರಿ’ ಎಂದರು. ಆ ಔದಾರ್ಯವನ್ನು ನಾನು ಸ್ವೀಕರಿಸಿದರೂ ಪದ್ಧತಿಯನ್ನು ಬದಲಿಸಿದೆ. ಆಮೇಲೆ ಅವರು ಘಟನೆಯನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದು, ಪುಟಗಳ ಫೋಟೊ ಕಳುಹಿಸುತ್ತಿದ್ದರು. ಭೇಟಿಯಲ್ಲಿ ಕಣ್ಣು ತೆರೆದುಕೊಂಡೇ ಆ ಬರಹವನ್ನು ಓದುತ್ತ, ಅತಿ ನೋವಿನ ಒಂದೆರಡು ಸಾಲುಗಳ ಬಳಿ ಮಾತ್ರ ನಿಲ್ಲುತ್ತಿದ್ದೆವು. ಸಂಪರ್ಕ ತಪ್ಪಿದರೂ ಅವರ ಕೈಯಲ್ಲಿ ನೋಟ್‌ಬುಕ್ ಇರುತ್ತಿತ್ತು, ಎಲ್ಲಿ ನಿಲ್ಲಿಸಬೇಕೆಂಬುದು ಅವರ ಹಿಡಿತದಲ್ಲಿರುತ್ತಿತ್ತು.

ಅವತ್ತು ಮತ್ತು ಇವತ್ತು

ಆ ಬರಹದಲ್ಲಿ ಅತಿ ನೋವಿನ ಸಾಲು ‘ನಾನು ಬಿಟ್ಟು ಓಡಿದೆ’ ಎಂಬುದಾಗಿತ್ತು. ತಿರುಗಿ ನಿಂತು ಕೂಗಿದ್ದರೆ, ಕಲ್ಲು ಎಸೆದಿದ್ದರೆ ಉಳಿಸಬಹುದಿತ್ತು ಎಂಬುದು ಅವರ ಖಚಿತ ನಂಬಿಕೆ. ಸಮಾಧಾನದ ಮಾತು ಇಂಥ ನಂಬಿಕೆಗೆ ತಾಗುವುದಿಲ್ಲ. ಊರಿನವರೆಲ್ಲ ಆಗಲೇ ಸಾಕಷ್ಟು ಸಮಾಧಾನ ಹೇಳಿದ್ದರು. ಆನೆ ಮೊದಲು ಕಂಡಾಗ ಎಷ್ಟು ದೂರದಲ್ಲಿತ್ತು ಎಂದು ಕೇಳಿದೆ. ಮನೆಯ ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆದು, ಸುಮಾರು 28 ಮೀಟರ್ ಎಂದರು. ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ ಏಳು ಮೀಟರ್. ಲೆಕ್ಕವನ್ನು ಅವರೇ ಮಾಡಿದರು: ನಾಲ್ಕು ಸೆಕೆಂಡು. ಜೀಪಿನೊಳಗೆ ಕುಳಿತು ಫೋನಿನ ಸ್ಟಾಪ್‌ವಾಚ್‌ನಲ್ಲಿ ನಾಲ್ಕು ಸೆಕೆಂಡು ಎಷ್ಟೆಂದು ಮತ್ತೆ ಮತ್ತೆ ನೋಡಿದರು. ಬಹಳ ಹೊತ್ತಿನ ಮೌನದ ನಂತರ ಅವರು ಆಡಿದ ಮಾತು ನಾನು ಊಹಿಸಿರದಂಥದ್ದು. ‘ಅರ್ಜುನನಂಥ ಆನೆಗೇ ಆಗ್ಲಿಲ್ಲ ಅಲ್ವಾ ಮೇಡಂ’ ಎಂದರು. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸಲಗವೊಂದರ ಜೊತೆಗಿನ ಕಾದಾಟದಲ್ಲಿ ಸತ್ತಿತ್ತು. ಆ ಸೀಮೆಯವರ ಮನಸ್ಸಿನಲ್ಲಿ ಅದು ಇನ್ನೂ ಹಸಿ ಗಾಯ. ನನ್ನ ಲೆಕ್ಕ ಮಾಡದ ಕೆಲಸವನ್ನು ಅವರ ನೆಲದ ಈ ನೆನಪು ಮಾಡಿತು. ಆ ಸಾಲಿನ ಪಕ್ಕದಲ್ಲಿ ಅವರು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದರು: ‘ನಾಲ್ಕು ಸೆಕೆಂಡ್ ಇತ್ತು. ನಿಂತಿದ್ದರೆ ಇಬ್ಬರೂ.’

ಇನ್ನೊಂದು ಸಾಲು ಇಷ್ಟು ಸುಲಭದ್ದಾಗಿರಲಿಲ್ಲ. ಹಿಂದಿನ ರಾತ್ರಿಯ ಸಂದೇಶ ನೋಡಿ, ‘ಹಿಂಡು ಆಚೆ ದಡದಲ್ಲಿದೆ, ಆರು ಗಂಟೆಗೆ ಬಾ’ ಎಂದು ಹೇಳಿದ್ದು ಇವರೇ. ಹಿಂಡಿನ ಜೊತೆ ಇರದ ಒಂಟಿ ಸಲಗ ಎಲ್ಲಿದೆಯೆಂದು ಸಂದೇಶದಲ್ಲಿ ಇರಲಿಲ್ಲ, ಆದರೆ ಅದು ಇಲ್ಲವೆಂಬುದನ್ನು ಇವರು ಗಮನಿಸಬಹುದಿತ್ತು. ಈ ಭಾರವನ್ನು ಪೂರ್ತಿ ಇಳಿಸಿಬಿಡಲು ನಾನು ಪ್ರಯತ್ನಿಸಲಿಲ್ಲ. ಕೊಯ್ಲಿನ ಕಾಲದಲ್ಲಿ ಆರು ಗಂಟೆಗೆ ಆಳನ್ನು ಕರೆಯುವುದು ಆ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಅದನ್ನು ಕೊಲೆ ಎಂದು ಕರೆದುಕೊಳ್ಳುವುದು ಅನ್ಯಾಯ, ಅದರಲ್ಲಿ ತಮ್ಮ ಪಾಲು ಏನೂ ಇಲ್ಲವೆನ್ನುವುದೂ ಅವರ ಅಂತಃಕರಣ ಒಪ್ಪದ ಮಾತು. ಅಪರಾಧಕ್ಕೂ ಹೊಣೆಗೂ ನಡುವಿನ ವ್ಯತ್ಯಾಸದ ಮೇಲೆ ನಾವು ಮೂರು ಭೇಟಿ ಕಳೆದೆವು. ಅವರು ಮುಂದೆ ಮಾಡಿದ ಕೆಲವು ಕೆಲಸಗಳು ಆ ಮಾತುಕತೆಯಿಂದ ಹುಟ್ಟಿದವು. ಏಳು ಗಂಟೆಗೆ ಮುಂಚೆ ಯಾರನ್ನೂ ತೋಟಕ್ಕೆ ಕರೆಯುವುದಿಲ್ಲ ಎಂದು ತೀರ್ಮಾನಿಸಿ, ಪಕ್ಕದ ನಾಲ್ಕು ತೋಟದವರನ್ನೂ ಒಪ್ಪಿಸಿದರು.

ಹಠಾತ್ತನೆ ಗಾಬರಿ ಏಳಿಸುವ ಸಂಗತಿಗಳನ್ನು ಗುರುತಿಸುವ ಕೆಲಸದಲ್ಲಿ ಆನ್‌ಲೈನ್ ವಿಧಾನ ತನ್ನ ಶಕ್ತಿ ತೋರಿಸಿತು. ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕುಳಿತಿದ್ದರೆ ಅವರು ಆ ಸಂಗತಿಗಳನ್ನು ನೆನಪಿನಿಂದ ಹೇಳಬೇಕಾಗುತ್ತಿತ್ತು. ಇಲ್ಲಿ ಫೋನ್ ಹಿಡಿದು ತೋರಿಸಿದರು. ಸಂಜೆಯ ಮಬ್ಬಿನಲ್ಲಿ ಮನೆಯ ಹಿಂದಿನ ಕಪ್ಪು ನೀರಿನ ಟ್ಯಾಂಕು ಪರದೆಯ ಮೇಲೆ ಕಂಡಾಗ ಒಂದು ಗಳಿಗೆ ನನ್ನ ಎದೆಯೂ ಧಸಕ್ಕೆಂದಿತು. ಆ ಟ್ಯಾಂಕಿನ ಎದುರೇ ನಿಂತು, ಅವತ್ತು ಕಂಡದ್ದಕ್ಕೂ ಇವತ್ತು ಕಾಣುತ್ತಿರುವುದಕ್ಕೂ ಇರುವ ವ್ಯತ್ಯಾಸಗಳನ್ನು ಬಾಯಿಬಿಟ್ಟು ಹೇಳುವುದು ಅಭ್ಯಾಸವಾಯಿತು: ಇದು ಅಲುಗಾಡುವುದಿಲ್ಲ, ಇದಕ್ಕೆ ನಲ್ಲಿ ಇದೆ, ನಾಯಿ ಇದರ ಬುಡದಲ್ಲಿ ಮಲಗಿದೆ. ನಾಯಿಯ ಮಾತು ಅವರದೇ. ಆನೆ ಹತ್ತಿರವಿದ್ದರೆ ನಾಯಿ ಹಾಗೆ ಮಲಗುವುದಿಲ್ಲ ಎಂಬುದು ಅವರ ಅನುಭವ, ಅದು ನನ್ನ ಯಾವ ತಂತ್ರಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂತು. ಕೊಂಬೆ ಸೀಳುವ ಸದ್ದಿಗೂ ಹೀಗೇ ಮಾಡಿದೆವು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಕೆಲಸ ಬರಲಿದ್ದುದರಿಂದ, ಆ ಸದ್ದನ್ನು ಮೊದಲು ಧ್ವನಿಮುದ್ರಣದಲ್ಲಿ, ಆಮೇಲೆ ಅಂಗಳದ ಸಿಲ್ವರ್ ಓಕ್ ಮರದಲ್ಲಿ, ಕೊನೆಗೆ ತೋಟದಲ್ಲಿ ಕೇಳಿ ರೂಢಿ ಮಾಡಿಕೊಂಡರು.

ಅತಿ ಕಷ್ಟದ ಪ್ರಚೋದಕ ಅವರ ಕೈಯಲ್ಲೇ ಇತ್ತು. ಆನೆ ಬಂದ ಸುದ್ದಿ ತರುತ್ತಿದ್ದದ್ದೂ ನನ್ನನ್ನು ತರುತ್ತಿದ್ದದ್ದೂ ಒಂದೇ ಫೋನು. ಮಾತಿನ ನಡುವೆ ಗುಂಪಿನ ಸಂದೇಶದ ಸದ್ದು ಬಂದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಬೇರೆ ಪ್ರಕರಣವಾಗಿದ್ದರೆ ಆ ಗುಂಪನ್ನು ಮ್ಯೂಟ್ ಮಾಡಿ ಎನ್ನುತ್ತಿದ್ದೆ. ಇಲ್ಲಿ ಆ ಸಂದೇಶ ಜೀವ ಉಳಿಸುವಂಥದ್ದು. ಹಾಗಾದರೆ ಎಷ್ಟು ಎಚ್ಚರ ಸರಿ, ಎಷ್ಟು ಅತಿ? ಈ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿರಲಿಲ್ಲ, ಪುಸ್ತಕಗಳಲ್ಲಿಯೂ ಇರಲಿಲ್ಲ. ಅವರಿಗೆ ಪರಿಚಯವಿದ್ದ ಅರಣ್ಯ ಕಾವಲುಗಾರರೊಬ್ಬರನ್ನು ಅಳತೆಗೋಲಾಗಿ ಇಟ್ಟುಕೊಂಡೆವು. ಇಪ್ಪತ್ತು ವರ್ಷ ಆನೆಗಳ ಹಿಂದೆ ತಿರುಗಿದ ಆ ಮನುಷ್ಯ ಏನೇನು ಎಚ್ಚರ ವಹಿಸುತ್ತಾರೆ ಎಂದು ಕೇಳಿಕೊಂಡು ಬರಲು ಹೇಳಿದೆ. ಹೊರಡುವ ಮುಂಚೆ ಸಂದೇಶ ನೋಡುತ್ತಾರೆ, ಮಂಜು ಕರಗುವವರೆಗೆ ಕಾಯುತ್ತಾರೆ, ಒಂಟಿಯಾಗಿ ಹೋಗುವುದಿಲ್ಲ, ನಡೆಯುವಾಗ ಮಾತಾಡುತ್ತಾ ಸದ್ದು ಮಾಡುತ್ತಾ ಹೋಗುತ್ತಾರೆ. ಮನೆಗೆ ಬಂದ ಮೇಲೆ ಮಲಗುತ್ತಾರೆ. ಆ ಕೊನೆಯ ಮಾತನ್ನು ಇವರು ನನಗೆ ಎರಡು ಸಲ ಹೇಳಿದರು. ಕಾವಲುಗಾರರು ಮಾಡುವುದನ್ನೆಲ್ಲ ನಾವು ಉಳಿಸಿಕೊಂಡೆವು; ಅವರು ಮಾಡದಿರುವುದನ್ನು, ಅಂದರೆ ರಾತ್ರಿ ಮೂವತ್ತು ಸಲ ಕಿಟಕಿ ನೋಡುವುದು, ಹಾಸಿಗೆಯಲ್ಲಿ ಫೋನ್ ಹಿಡಿದೇ ಮಲಗುವುದು, ಮಕ್ಕಳನ್ನು ಅಂಗಳಕ್ಕೂ ಬಿಡದಿರುವುದು, ಇವನ್ನು ಒಂದೊಂದಾಗಿ ಕೈಬಿಟ್ಟೆವು. ಆನೆ ಗುಂಪಿನ ಸಂದೇಶಕ್ಕೆ ಬೇರೆ ಸದ್ದು ಇಟ್ಟು, ಉಳಿದ ಎಲ್ಲಕ್ಕೂ ಸದ್ದು ನಿಲ್ಲಿಸಿದರು. ಇದರಿಂದ ಪ್ರತಿ ‘ಟಿಂಗ್’ಗೂ ಬೆಚ್ಚುವುದು ತಪ್ಪಿತು.

ಘಟನೆ ನಡೆದ ಜಾಗಕ್ಕೆ ಹೋಗುವುದು ಈ ಚಿಕಿತ್ಸೆಯ ಒಂದು ಮುಖ್ಯ ಹಂತ. ಮಾರ್ಚಿಯ ಹೂಮಳೆ ಬಿದ್ದು ಕೆಲವು ದಿನಗಳಾಗಿತ್ತು. ಆನೆಗಳು ದೂರದಲ್ಲಿವೆ ಎಂದು, ಈ ಸಲ ಆ ಸಲಗವನ್ನೂ ಸೇರಿಸಿ, ಇಲಾಖೆಯವರಿಂದ ಖಚಿತಪಡಿಸಿಕೊಂಡು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವರೂ, ಭಾವಮೈದುನನೂ, ಆ ಕಾವಲುಗಾರರೂ ಹೊರಟರು. ಗೇಟಿನವರೆಗೆ ನಾನು ಪರದೆಯಲ್ಲಿ ಜೊತೆಗಿದ್ದೆ, ಅಲ್ಲಿಂದ ಮುಂದೆ ಸಿಗ್ನಲ್ ಇರಲಿಲ್ಲ. ಅವರು ವಿಡಿಯೊ ಮಾಡಿಕೊಂಡು ಬಂದರು, ಮುಂದಿನ ಭೇಟಿಯಲ್ಲಿ ಒಟ್ಟಿಗೆ ನೋಡಿದೆವು. ಅವರ ಮನಸ್ಸಿನಲ್ಲಿ ಆ ಜಾಗ ಎರಡು ತಿಂಗಳಿನಿಂದ ಮಂಜು ಮುಸುಕಿದ ಆರೂಕಾಲರಲ್ಲೇ ನಿಂತಿತ್ತು. ವಿಡಿಯೊದಲ್ಲಿ ಗಿಡಗಳೆಲ್ಲ ಹೂವಿನಿಂದ ಬೆಳ್ಳಗಾಗಿದ್ದವು, ಜೇನು ಮೊರೆಯುತ್ತಿತ್ತು, ಸೀಳಿದ ಬೈನೆಯ ಬುಡ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ತೊಟ್ಟಿಲು ಗುಂಡಿ ಅವರು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಿತ್ತು, ಅರ್ಧ ತರಗೆಲೆ ತುಂಬಿಕೊಂಡಿತ್ತು. ಅವರು ಅದರ ಪಕ್ಕದಲ್ಲಿ ಕುಳಿತು ಅತ್ತಿದ್ದರು. ಘಟನೆಯ ನಂತರ ಅವರು ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಭಯ ಇದ್ದ ಜಾಗಕ್ಕೆ ದುಃಖ ಬರತೊಡಗಿದ್ದು ಆ ದಿನದಿಂದ ಎಂದು ನನ್ನ ಟಿಪ್ಪಣಿಯಲ್ಲಿದೆ.

ಲೈನ್ ಮನೆ

ತೀರಿಕೊಂಡವರ ಹೆಂಡತಿ, ಮಗಳು ತೋಟದ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದರು, ಇವರ ಮನೆಯಿಂದ 200 ಮೀಟರ್ ದೂರ. ಗಂಡನ ದೇಹವನ್ನು ಮೊದಲು ಕಂಡವರಲ್ಲಿ ಆ ಹೆಣ್ಣುಮಗಳೂ ಒಬ್ಬರು. ಆಘಾತ ಅವರದ್ದು ಕಡಿಮೆಯದಾಗಿರಲಿಲ್ಲ, ಬಹುಶಃ ಹೆಚ್ಚಿನದೇ ಆಗಿತ್ತು. ಆದರೆ ಅವರ ಬಳಿ ಇದ್ದದ್ದು ಕೀಪ್ಯಾಡ್ ಫೋನು, ಸಿಗ್ನಲ್ಲಿಗಾಗಿ ಗೇಟಿನ ಬಳಿ ಬರಬೇಕಿತ್ತು, ಮಾತಾಡಲು ಜೀಪು ಇರಲಿಲ್ಲ. ಅವರಿಗಾಗಿ ಯಾರೂ ನನಗೆ ಕರೆ ಮಾಡಲಿಲ್ಲ. ನಾನು ಕೇಳಿದ್ದು ಏಳನೆಯ ವಾರದಲ್ಲಿ, ಅದೂ ಇವರ ಅಪರಾಧಿ ಭಾವದ ಬಗ್ಗೆ ಮಾತಾಡುವಾಗ ಪ್ರಾಸಂಗಿಕವಾಗಿ. ಮೊದಲ ವಾರದಲ್ಲೇ ಕೇಳಬೇಕಿತ್ತು. ಆನ್‌ಲೈನ್ ಚಿಕಿತ್ಸೆ ದೂರವನ್ನು ಇಲ್ಲವಾಗಿಸುತ್ತದೆ ಎಂದು ನಾವು ಹೇಳುತ್ತೇವೆ. ಬೆಂಗಳೂರಿನಿಂದ ಆ ಮನೆಯವರೆಗಿನ 220 ಕಿಲೋಮೀಟರನ್ನು ಅದು ಇಲ್ಲವಾಗಿಸಿತು, ಆ ಮನೆಯಿಂದ ಲೈನ್ ಮನೆಯವರೆಗಿನ 200 ಮೀಟರನ್ನು ಇಲ್ಲವಾಗಿಸಲಿಲ್ಲ.

ಇಬ್ಬರಿಗೂ ನಾನೇ ಚಿಕಿತ್ಸೆ ಕೊಡುವುದು ಸರಿಯಾಗುತ್ತಿರಲಿಲ್ಲ. ಆಶಾ ಕಾರ್ಯಕರ್ತೆಯೊಬ್ಬರನ್ನು ಸಂಪರ್ಕಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ ಇಂಟರ್‌ನೆಟ್ ಬೇಕಿಲ್ಲ, ಸಾದಾ ಫೋನಿನಿಂದಲೂ ಕನ್ನಡದಲ್ಲಿ ಮಾತಾಡಬಹುದು. ಆಶಾ ಕಾರ್ಯಕರ್ತೆ ತಮ್ಮ ಫೋನಿನಿಂದ ಎರಡು ಸಲ ಕರೆ ಜೋಡಿಸಿಕೊಟ್ಟರೂ ಆ ತಾಯಿ ಮಾತಾಡಲಿಲ್ಲ. ‘ಮುಖ ಕಾಣದವರ ಹತ್ರ ಏನಂತ ಹೇಳ್ಲಿ’ ಎಂದರಂತೆ. ಅದು ಅವರ ಅಜ್ಞಾನವೆಂದು ನಾನು ತಿಳಿಯುವುದಿಲ್ಲ. ಧ್ವನಿಯೊಂದರ ಎದುರು ಎದೆ ತೆರೆಯಲು ಎಲ್ಲರಿಗೂ ಆಗುವುದಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆಶಾ ಕಾರ್ಯಕರ್ತೆ ಜೊತೆಗೆ ಹೋಗುತ್ತೇನೆಂದ ಮೇಲೆ ಅವರು ಹೋದರು, ಆಮೇಲೂ ಹೋಗುತ್ತಿದ್ದಾರೆ. ಅಂದಿನ ಕೂಲಿ ತಪ್ಪದ ಹಾಗೆ ನೋಡಿಕೊಂಡವರು ನನ್ನ ಪ್ರಕರಣದ ಈ ವ್ಯಕ್ತಿಯೇ.

ಅವರು ಲೈನ್ ಮನೆಗೆ ಹೋಗಿ ಆ ತಾಯಿಯನ್ನು ಕಂಡದ್ದು ಏಪ್ರಿಲ್ಲಿನಲ್ಲಿ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ಕೂತ್ಕೊಳಿ ಅಂದ್ರು. ಕೂತ್ಕೊಂಡೆ’ ಎಂದಷ್ಟೇ ತಿಳಿಸಿದರು.

ಈಗಿನ ಸ್ಥಿತಿ

ಒಟ್ಟು ಹನ್ನೊಂದು ಪೂರ್ಣ ಭೇಟಿಗಳ ಕೊನೆಗೆ ಪಿಸಿಎಲ್-5 ಅಂಕ 17ಕ್ಕೆ ಇಳಿದಿತ್ತು, ಮೂರು ತಿಂಗಳ ನಂತರ 19. ಬದುಕು ಬೇಡವೆನ್ನುವ ಯೋಚನೆ ಮಾರ್ಚಿಯ ನಂತರ ಬಂದಿಲ್ಲ. ರಾತ್ರಿ ಆರು ತಾಸು ಮಲಗುತ್ತಾರೆ. ಠಾಣೆಯಿಂದ ಬಂದೂಕನ್ನು ಇನ್ನೂ ತಂದಿಲ್ಲ, ಅವಸರವಿಲ್ಲ ಎನ್ನುತ್ತಾರೆ, ನನಗೂ ಅದೇ ಸರಿ ಎನ್ನಿಸಿದೆ. ಮರಗಸಿಯ ಸಮಯದಲ್ಲಿ ಎರಡು ದಿನ ತೋಟಕ್ಕೆ ಇಳಿಯಲಾಗಲಿಲ್ಲ, ಮೂರನೆಯ ದಿನ ಇಳಿದರು. ಅಂಕ ಸೊನ್ನೆಯಾಗದ್ದಕ್ಕೆ ನನಗೆ ಆತಂಕವಿಲ್ಲ. ಆ ಸೀಮೆಯಲ್ಲಿ ಯಾವ ಎಚ್ಚರವೂ ಇಲ್ಲದೆ ಓಡಾಡುವವರ ಬಗ್ಗೆಯೇ ನಾನು ಹೆಚ್ಚು ಚಿಂತಿಸಬೇಕು.

ಮುಂದಿನ ಭೇಟಿಯನ್ನು ಡಿಸೆಂಬರ್ ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೇವೆ. ರೊಬಸ್ಟಾ ಹಣ್ಣಾಗುವ ಹೊತ್ತು, ಮಂಜು ಬೀಳುವ ಹೊತ್ತು, ವರ್ಷ ತುಂಬುವ ಹೊತ್ತು ಮೂರೂ ಒಟ್ಟಿಗೆ ಬರುತ್ತವೆ. ವರ್ಷಾಬ್ದಿಕದ ದಿನ ತೋಟದಲ್ಲಿ ಕೊಯ್ಲು ಇರುವುದಿಲ್ಲವೆಂದು ಅವರು ಆಳುಗಳಿಗೆ ಈಗಲೇ ತಿಳಿಸಿದ್ದಾರೆ. ಕರೆಂಟ್ ಹೋದರೂ ವೈಫೈ ನಿಲ್ಲದಂತೆ ನಡುಮನೆಗೆ ಒಂದು ಯುಪಿಎಸ್ ಹಾಕಿಸಿದ್ದಾರೆ. ಲೈನ್ ಮನೆಯ ಹತ್ತಿರಕ್ಕೂ ಸಂಪರ್ಕ ಸಿಗುವಂತೆ ಕೇಬಲ್ ಎಳೆಸುವ ಮಾತಾಡಿದ್ದಾರೆ. ಅದು ಆಯಿತೇ ಎಂದು ಡಿಸೆಂಬರಿನಲ್ಲಿ ಕೇಳಬೇಕೆಂದು ಬರೆದಿಟ್ಟುಕೊಂಡಿದ್ದೇನೆ.